ಮೂರನೆಯ ಪ್ರತಿ

ಕಳೆದ ವಾರ ಅಡುಗೆಮನೆಯ ಕಪಾಟು ಒರೆಸುವಾಗ, ಡಬ್ಬಿಗಳ ಕೆಳಗೆ ಹಾಸಿದ್ದ ಹಳೆಯ ಕಂಪ್ಯೂಟರ್ ಹಾಳೆ ಕೈಗೆ ಬಂತು. ಎರಡೂ ಅಂಚಿಗೆ ಸಾಲು ತೂತು, ಮಸುಕಾದ ಅಕ್ಷರ. ಹಲಸೂರಿನ ನನ್ನ ಮೊದಲ ಆಫೀಸಿನದು. ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತುಬಿಟ್ಟೆ...

ಅಲ್ಲಿ ನಮಗೆ ಹಿರಿಯರಾಗಿದ್ದವರನ್ನು ಎಲ್ಲರೂ ಮೇಡಂ ಎನ್ನುತ್ತಿದ್ದೆವು. ಕುರ್ಚಿಯಲ್ಲಿ ಹತ್ತು ನಿಮಿಷ ಕೂತವರಲ್ಲ. ಕಾಫಿ ಲೋಟ ಹಿಡಿದು ಕಿಟಕಿಗೂ ಬಾಗಿಲಿಗೂ ಓಡಾಡುತ್ತಲೇ ಯೋಚಿಸುವರು. ರಕ್ತ ಪರೀಕ್ಷೆಯ ವರದಿ ಮುದ್ರಿಸುವ ಸಾಫ್ಟ್‌ವೇರ್ ನಮ್ಮದು. ಒಂದು ಲ್ಯಾಬಿಗೆ ಬಣ್ಣದ ಪರದೆಯದು ಬೇಕು, ಇನ್ನೊಂದಕ್ಕೆ ತಮಿಳಿನಲ್ಲೂ ಮುದ್ರಿಸುವಂಥದ್ದು, ಶಿವಾಜಿನಗರದ್ದಕ್ಕೆ ಹಳೇ ಪ್ರಿಂಟರಿಗೆ ಹೊಂದುವಂಥದ್ದು. ಹಾಗಾಗಿ ಒಂದೇ ಪ್ರೋಗ್ರಾಮಿನ ಮೂರು ಪ್ರತಿ ಇಟ್ಟಿದ್ದೆವು. ಒಂದನ್ನು ತಿದ್ದಿದರೆ ಉಳಿದೆರಡನ್ನೂ ನೆನಪಿಟ್ಟು ತಿದ್ದಬೇಕು.

ಮಕ್ಕಳ ವರದಿಗೂ ದೊಡ್ಡವರಿಗೆ ಸರಿಯೆನಿಸುವ ಅಳತೆಯನ್ನೇ ಹಿಡಿಯುವ ದೋಷವೊಂದು ಸಿಕ್ಕಿತು. ಎರಡು ಪ್ರತಿಗಳಲ್ಲಿ ಸರಿಪಡಿಸಿದೆ.

“ಮೂರ್ನೇದ್ರಲ್ಲೂ ಹಾಕಿದ್ಯಾ?” ಎಂದರು ಮೇಡಂ.

ಕೆ.ಆರ್. ಪುರದ ಬಸ್ಸು ತಪ್ಪೀತೆಂಬ ಚಡಪಡಿಕೆ ನನಗೆ. “ಹೂಂ ಮೇಡಂ” ಎಂದುಬಿಟ್ಟೆ. ನಾಳೆ ಮಾಡಿದರಾಯಿತು ಎಂದುಕೊಂಡಿದ್ದು, ಮರೆತೇಹೋಯಿತು.

ತಿಂಗಳೊಳಗೆ, ಮೂರನೆಯ ಪ್ರತಿ ಇದ್ದ ಶಿವಾಜಿನಗರದ ಲ್ಯಾಬಿನಿಂದ ಫೋನು. ಆರೋಗ್ಯವಾಗಿದ್ದ ಮಗುವೊಂದರ ವರದಿಯಲ್ಲಿ ಅಪಾಯದ ಗುರುತು ಬಿದ್ದಿತ್ತು. ಬೇರೆ ಕಡೆ ಮತ್ತೆ ಪರೀಕ್ಷೆ ಮಾಡಿಸುವವರೆಗೂ ತಾಯಿ ಮಗುವನ್ನೆತ್ತಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಿದ್ದರು. ಮೇಡಂ ಚಪ್ಪಲಿ ಮೆಟ್ಟಿಕೊಂಡು “ಬಾ” ಎಂದರಷ್ಟೆ.

ಗಲ್ಲಿಯೊಳಗಿನ ಆ ಮಗುವಿನ ಮನೆಯಲ್ಲಿ ತಾಯಿ ನಮಗೆ ಚಹಾ ಕೊಟ್ಟರು. ಮಗು ಆಕೆಯ ದುಪಟ್ಟಾ ಎಳೆಯುತ್ತಿತ್ತು.

“ನನ್ ಬಚ್ಚಿಗೆ ಏನೂ ಇಲ್ಲ ಅಂದ್ರು. ಮತ್ತೆ ಇದು ಯಾರ್ದು ಗಲತಿ?”

“ನಂದೇ ಅಮ್ಮ. ನಾನು ನೋಡ್ಬೇಕಿತ್ತು,” ಎಂದರು ಮೇಡಂ.

ನಾನು ತಲೆ ತಗ್ಗಿಸಿ ಲೋಟವನ್ನೇ ನೋಡುತ್ತಿದ್ದೆ. ಕೈಯಲ್ಲಿನ ಚಹಾ ಆರಿಹೋಯಿತು.

ಮರುದಿನ ಅವರು ಮೂರೂ ಪ್ರತಿಗಳನ್ನು ಮುದ್ರಿಸಿ ನೆಲದ ಮೇಲೆ ಹರಡಿದರು. “ಮೂಲ ಪ್ರೋಗ್ರಾಮ್ ಒಂದೇ ಇರ್ಲಿ ಕಣೇ. ಯಾವ ಲ್ಯಾಬಿಗೆ ಅಂತ ಹೇಳಿದ್ರೆ, ಕಂಪ್ಯೂಟರೇ ಪ್ರತಿ ಕಟ್ಟೋವಾಗ ಅದಕ್ಕೆ ಬೇಕಾದ್ದು ಮಾತ್ರ ಸೇರ್ಕೊಳ್ಳೋ ಹಾಗೆ ಮಾಡೋಣ. ಮನುಷ್ಯರ ನೆನಪನ್ನ ನಂಬ್ಕೊಂಡ್ರೆ ಹೀಗೇ.”

ನೆನಪು ಎಂದರು, ಸುಳ್ಳು ಎನ್ನಲಿಲ್ಲ. ಗೊತ್ತಿತ್ತೋ, ಇಲ್ಲವೋ... ಎರಡು ವಾರ ನೆಲದ ಮೇಲೆ ಕೂತು ಸಾಲು ಸಾಲಾಗಿ ಹೋಲಿಸಿದೆವು. ಕೊನೆಗೆ ಒಂದೇ ಮೂಲದಿಂದ ಮೂರೂ ರೂಪಗಳು ಹೊರಬಂದಾಗ ಅವರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಆಫೀಸು ಮುಚ್ಚಿದ ಮೇಲೆ, ಹೇಳಿಬಿಡೋಣವೆಂದು ಎರಡು ಸಲ ಅವರ ಮನೆಯ ಗೇಟಿನವರೆಗೆ ಹೋಗಿ ವಾಪಸು ಬಂದೆ. ವರ್ಷಗಳ ನಂತರ ಧೈರ್ಯ ಮಾಡಿ ಬಾಗಿಲು ತಟ್ಟಿದಾಗ ಅವರ ತಂಗಿ ತೆರೆದರು. “ಅಕ್ಕ ಹೋಗಿ ಎಂಟು ತಿಂಗ್ಳಾಯ್ತಲ್ಲಮ್ಮ, ನಿಮ್ಗೆ ಯಾರೂ ಹೇಳ್ಲಿಲ್ವಾ?”

ಈಗ ನಾನಿರುವ ಆಫೀಸಿನಲ್ಲಿ ಒಂದೇ ಮೂಲದಿಂದ ಹನ್ನೊಂದು ರೂಪಗಳನ್ನು ಯಂತ್ರವೇ ಕಟ್ಟಿಕೊಡುತ್ತದೆ. ಆದರೂ ಒಂದೊಂದನ್ನೂ ತೆರೆದು ನೋಡದೆ ನನಗೆ ಎದ್ದು ಹೊರಡಲಾಗುವುದಿಲ್ಲ. ಆವತ್ತು ಮೂರನೆಯದರಲ್ಲಿ ನಾನು ಹಾಕಿರಲಿಲ್ಲ ಮೇಡಂ, ಎನ್ನಬೇಕು. ಅವರಿಲ್ಲ.