ಹಿಂದೆ ಸ್ಪ್ರಿಂಗಿಲ್ಲದ ಸೈಕಲ್ಲು

ಪಂಕ್ಚರ್ ಅಂಗಡಿಯ ಸೊಲ್ಯೂಷನ್ ವಾಸನೆ ನಿಮಗೆ ಹೇಗೋ ಏನೋ, ನನಗಂತೂ ಆಗಿಬರುವುದಿಲ್ಲ. ಟ್ಯೂಬಿಗೆ ಬಳಿದ ಆ ಅಂಟು ಮೂಗಿಗೆ ಬಡಿದರೆ ಸಾಕು, ಮನಸ್ಸು ಇಳಕಲ್ಲಿಗೆ ಓಡುತ್ತದೆ. ಮೊನ್ನೆ ಬಾಗಲಕೋಟೆಯ ನವನಗರದಲ್ಲಿ ಹಿಂದಿನ ಗಾಲಿ ಬಿಚ್ಚಿಸಿ ಸ್ಟೂಲಿನ ಮೇಲೆ ಕೂತಿದ್ದಾಗಲೂ ಹಾಗೇ ಆಯಿತು. ನನ್ನ ಹಳೇ ಸೈಕಲ್ಲಿಗೆ ಮುಂದೆ ಮಾತ್ರ ಸ್ಪ್ರಿಂಗಿನ ಶಾಕಪ್ ಇದೆ, ಹಿಂದೆ ಇಲ್ಲ. ಇದಕ್ಕೂ ಮೊದಲು ನನ್ನಲ್ಲಿದ್ದದ್ದಕ್ಕೆ ಎರಡೂ ಕಡೆ ಇತ್ತು. ಒಳ್ಳೆಯದನ್ನು ಬಿಟ್ಟು ಇದನ್ನೇಕೆ ಹಿಡಿದಿರಿ ಎಂದು ಕೇಳಿದವರಿಗೆಲ್ಲ ಇಷ್ಟು ವರ್ಷ "ತುಳಿಯಾಕ ಹಗೂರ ಐತ್ರಿ" ಎಂದು ಸುಳ್ಳು ಹೇಳಿದ್ದೇನೆ. ನಿಮಗೆ ಆ ಸುಳ್ಳು ಬೇಡ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಇಳಕಲ್ಲಿನ ಗ್ರಾನೈಟ್ ಫ್ಯಾಕ್ಟರಿಯೊಂದರಲ್ಲಿ ನಾನು ಗುಮಾಸ್ತ. ಕಲ್ಲಿನ ಪುಡಿ ತಲೆಗೆ ಬಿದ್ದು ಇಪ್ಪತ್ತೈದಕ್ಕೇ ಮುದುಕನಂತೆ ಕಾಣುತ್ತಿದ್ದೆ. ಆ ಕೊರತೆ ತುಂಬಿಕೊಳ್ಳಲೋ ಏನೋ, ಡಬಲ್ ಶಾಕಪ್ಪಿನ ಸೈಕಲ್ಲು ಕೊಂಡೆ. ಸೀಟಿನ ಕೆಳಗೆ ತೋಳಿನಷ್ಟು ದಪ್ಪದ ಕೆಂಪು ಸ್ಪ್ರಿಂಗು. ತುಳಿದರೆ ಅರ್ಧ ಶಕ್ತಿ ಆ ಸ್ಪ್ರಿಂಗು ಕುಣಿಯುವುದಕ್ಕೇ ಖರ್ಚಾಗುತ್ತಿತ್ತು. ಆದರೂ ಓಣಿಯ ಜನ ಕಟ್ಟೆಯ ಮೇಲಿಂದ ತಿರುಗಿ ನೋಡುತ್ತಿದ್ದರು. ನನಗೆ ಅಷ್ಟೇ ಬೇಕಾಗಿತ್ತು. ಮಳೆಗಾಲದ ತಗ್ಗುಗಳನ್ನು ಹುಡುಕಿಕೊಂಡು ಹೋಗಿ ಅವುಗಳ ಮೇಲೇ ಹಾಯಿಸುತ್ತಿದ್ದೆ.

ಅಪ್ಪ ನಾನು ಚಿಕ್ಕವನಿದ್ದಾಗಲೇ ಹೋದ. ಸಾಕಿದವನು ಅಪ್ಪನ ತಮ್ಮ, ನನ್ನ ಕಾಕಾ. ಅವನು ನೇಕಾರ. ಸೀರೆಯ ಒಡಲಿನ ಉದ್ದೆಳೆಗಳ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ಕೆಲಸ ಇಳಕಲ್ಲಿನ ಸೀರೆಗೇ ಮೀಸಲು. ಅದರಲ್ಲಿ ಅವನ ಕೈ ಪಳಗಿತ್ತು. ನೆಲದಲ್ಲಿ ಗುಂಡಿ ತೋಡಿದ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಬಾಗಿದನೆಂದರೆ ಕೊನೆಯ ಎಳೆ ಕೂಡುವ ತನಕ ಏಳುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಮನೆಯ ಮಗ್ಗದ ಕುಣಿಯಲ್ಲಿ ನೀರು ಜಿನುಗತೊಡಗಿದ ಮೇಲೆ ಊರಿನ ಆ ತುದಿಗಿದ್ದ ಸಾವಕಾರರ ಶೆಡ್ಡಿಗೆ ನೇಯಲು ಹೋಗುತ್ತಿದ್ದ. ಸೊಂಟನೋವು ಆಗಲೇ ಶುರುವಾಗಿತ್ತು. ಕೈ ಬೆನ್ನಿಗಿಟ್ಟುಕೊಂಡು, ಅಲ್ಲಲ್ಲಿ ನಿಂತು, ನಡೆದೇ ಹೋಗುತ್ತಿದ್ದ.

"ನಾ ಬಿಟ್ಟ ಬರ್ತೇನಿ ಕಾಕಾ, ಶಾಕಪ್ ಸೈಕಲ್ ಐತಿ," ಎಂದೆ.

"ಬ್ಯಾಡ ಬಿಡೊ ತಮ್ಮಾ. ಸಾವಕಾಶ ನಡಕೋತ ಹೋಗ್ತೇನಿ."

ಸಂಕೋಚ ಎಂದುಕೊಂಡೆ. ಸೈಕಲ್ಲಿಗೆ ಕ್ಯಾರಿಯರ್ ಇರಲಿಲ್ಲ. ರಿಪೇರಿ ಅಂಗಡಿಯ ದಸ್ತಗೀರ ಸಾಹೇಬರು "ಇದಕ್ಕ ಕ್ಯಾರಿಯರ್ ಹೊಂದಂಗಿಲ್ಲ, ಹಟ ಮಾಡಬ್ಯಾಡ," ಎಂದು ಕಳಿಸಿದರು. ಹಟವನ್ನೇ ಮಾಡಿದೆ. ಫ್ಯಾಕ್ಟರಿಯ ವೆಲ್ಡರನನ್ನು ಹಿಡಿದು ಕಬ್ಬಿಣದ ಪಟ್ಟಿಗಳ ಕ್ಯಾರಿಯರ್ ಮಾಡಿಸಿ, ಹಿಂದಿನ ಗಾಲಿ ಹಿಡಿದ ಕವಲಿಗೆ ನಟ್ಟು ಹಾಕಿಸಿದೆ. ಆನೆ ಕೂತರೂ ಅಲುಗುವುದಿಲ್ಲ ಎಂದ ವೆಲ್ಡರ್. ಖರೆ, ಅಲುಗಲಿಲ್ಲ.

ಹೀಗೆ ಒಂದು ವರ್ಷದ ಮೇಲೆ ನಾಕು ತಿಂಗಳು, ಮುಂಜಾನೆ ಸಂಜೆ ಕಾಕಾನನ್ನು ಹಿಂದೆ ಕೂರಿಸಿಕೊಂಡು ತಿರುಗಿದೆ. ತಗ್ಗು ಬಂದಾಗೊಮ್ಮೆ ನನ್ನ ಸೀಟು ಮೆತ್ತಗೆ ಇಳಿದು ಮೆತ್ತಗೆ ಏಳುತ್ತಿತ್ತು. ನಾನು ಕತ್ತು ತಿರುಗಿಸಿ ಕೇಳುತ್ತಿದ್ದೆ.

"ಹೆಂಗೈತಿ ಕಾಕಾ?"

"ಗಾದಿ ಮ್ಯಾಲ ಕುಂತಂಗ ಐತಿ ನೋಡು."

ಮೊದಲ ವಾರದಲ್ಲೇ ಕಾಕಿ ಹಳೇ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಕ್ಯಾರಿಯರ್ ಮೇಲೆ ಕಟ್ಟಿದ್ದಳು. ನಾನದನ್ನು ಬಿಚ್ಚಿ ಒಳಗೆ ಎಸೆದೆ. "ಇಂಥಾ ಸೈಕಲ್ಲಿಗೆ ಕೌದಿ ಕಟ್ಟಿದ್ರ ಮಂದಿ ನಗ್ತಾರ," ಎಂದೆ. ಕಾಕಿ ಕಾಕಾನ ಮುಖ ನೋಡಿದಳು. ಅವನು "ಹೌದು ಬಿಡು" ಎಂದು ಹತ್ತಿ ಕೂತ. ಆ ಒಂದು ಕ್ಷಣ ನನಗೆ ಮರಳಿ ಸಿಗುವುದಾದರೆ ಏನು ಬೇಕಾದರೂ ಕೊಟ್ಟೇನು. ಸಿಗುವುದಿಲ್ಲ.

ಒಂದು ದಿನ ಸಂಜೆ ಕಾಕಾನಿಗೆ ಮಗ್ಗದ ಕುಣಿಯಿಂದ ಮೇಲೇಳಲು ಆಗಲಿಲ್ಲ. ನಾಲ್ಕು ಜನ ಎತ್ತಿ ತಂದು ಹೊರಸಿನ ಮೇಲೆ ಮಲಗಿಸಿದರು. ಬಾಗಲಕೋಟೆಯ ದವಾಖಾನೆಯಲ್ಲಿ ಎಕ್ಸ್‌ರೇ ಫೋಟೋ ತೆಗೆದು, ಸೊಂಟದ ಮಣಿ ಸವೆದು ನರ ಒತ್ತಿದೆ, ಇನ್ನು ನೇಯ್ಗೆ ಆಗದು ಎಂದರು. ಮೂವತ್ತು ವರ್ಷ ಕುಣಿಯಲ್ಲಿ ಬಾಗಿದ ಮೈ, ಆಗಿಯೇ ಆಗುತ್ತದೆ ಎಂದು ಎಲ್ಲರೂ ಅಂದರು. ನಾನೂ ಅಂದೆ. ಪುಣ್ಯಕ್ಕೆ ಅವನನ್ನು ನಡೆಸಲಿಲ್ಲ ಎಂದು ಒಳಗೊಳಗೇ ಬೀಗಿದ್ದೂ ಉಂಟು.

ತಿಂಗಳ ನಂತರ ನನ್ನ ಮುಂಗೈ ಉಳುಕಿತು. ಫ್ಯಾಕ್ಟರಿಯ ಗೆಳೆಯ ಮಲ್ಲೇಶಿ ನನ್ನ ಸೈಕಲ್ ತುಳಿದ, ನಾನು ಕ್ಯಾರಿಯರ್ ಮೇಲೆ ಕೂತೆ. ಅಲ್ಲಿ ಕೂತದ್ದು ಅದೇ ಮೊದಲು. ಮೊದಲನೆಯ ತಗ್ಗಿಗೆ ಬೆನ್ನೆಲುಬಿನ ಬುಡದಿಂದ ನೆತ್ತಿಯ ತನಕ ಏಟು ಬಿತ್ತು. ಎರಡನೆಯದಕ್ಕೆ ಹಲ್ಲು ಕಟಕಟಿಸಿದವು. ಮಲ್ಲೇಶಿ ಮಾತ್ರ ಮುಂದೆ ತೂಗುಮಂಚದಲ್ಲಿ ಕೂತವನಂತೆ ತೂಗುತ್ತಿದ್ದ. "ಏನ್ ಆರಾಮ ಐತಿ ಲೇ ನಿನ್ನ ಗಾಡಿ!" ಎಂದ.

"ನಿಲ್ಲಸಲೇ," ಎಂದು ಚೀರಿದೆ.

ಸೈಕಲ್ ತಳ್ಳಿಕೊಂಡೇ ದಸ್ತಗೀರ ಸಾಹೇಬರ ಅಂಗಡಿಗೆ ಹೋದೆ. ಅವರು ಟ್ಯೂಬಿಗೆ ಸೊಲ್ಯೂಷನ್ ಬಳಿಯುತ್ತಲೇ ಹೇಳಿದರು. "ಸ್ಪ್ರಿಂಗ್ ಇರೋದು ನಿನ್ನ ಸೀಟಿಗೆ. ಕ್ಯಾರಿಯರ್ ಗಾಲಿ ಜೋಡಿ ಕೂಡೇತಿ. ಗಾಲಿಗೆ ಬಿದ್ದ ಏಟು ನಿನಗ ಮುಟ್ಟಂಗಿಲ್ಲ, ಹಿಂದ ಕುಂತವಂಗ ಒಂದೂ ತಪ್ಪಂಗಿಲ್ಲ. ಅದಕ್ಕ ಬ್ಯಾಡ ಅಂದಿದ್ನೆಪಾ."

ಮನೆಗೆ ಬಂದು ಹೊರಸಿನ ಪಕ್ಕ ಕೂತೆ. "ಯಾಕ ಹೇಳಲಿಲ್ಲ ಕಾಕಾ?" ಎಂದೆ. ಯಾವುದು ಎಂದು ಅವನು ಕೇಳಲಿಲ್ಲ.

"ಏನ್ ಹೇಳ್ಲಿ. ತಗ್ಗ ಬಂದಾಗೊಮ್ಮೆ ಹಿಂದ ತಿರುಗಿ ನೋಡ್ತಿದ್ದಿ. ಆರಾಮ ಐತಿ ಅಂದ್ರ ನಿನ್ನ ಮಾರಿ ಅರಳ್ತಿತ್ತು. ಸಣ್ಣಾಂವ ಇದ್ದಾಗ ನಿನಗ ಒಂದ್ ಸೈಕಲ್ ಕೊಡಸಾಕ ಆಗಲಿಲ್ಲ ನನ್ನ ಕಡೆ."

ನಾನು ಅತ್ತೆ. ಅವನು ನನ್ನ ತಲೆಯ ಕಲ್ಲುಪುಡಿ ಒರೆಸಿದ. ಬೈದಿದ್ದರೆ ಇಷ್ಟು ವರ್ಷ ಬದುಕುವುದು ಸ್ವಲ್ಪ ಸುಲಭವಾಗುತ್ತಿತ್ತು.

ಮರುವಾರವೇ ಆ ಸೈಕಲ್ಲು ಕೊಟ್ಟು, ಹಿಂದೆ ಸ್ಪ್ರಿಂಗಿಲ್ಲದ್ದನ್ನು ತಂದೆ. ದಸ್ತಗೀರ ಸಾಹೇಬರು ನನ್ನನ್ನು ವಿಚಿತ್ರವಾಗಿ ನೋಡಿದರು. ನನ್ನ ಲೆಕ್ಕ ಸರಳವಿತ್ತು: ಇದರಲ್ಲಿ ಹಿಂದೆ ಕೂತವನಿಗೆ ಬಿದ್ದ ಏಟು ತುಳಿಯುವವನಿಗೂ ಬೀಳುತ್ತದೆ, ಕೇಳಿ ತಿಳಿಯಬೇಕಾಗಿಲ್ಲ. ಕ್ಯಾರಿಯರಿಗೆ ಕೌದಿಯನ್ನೂ ಕಟ್ಟಿದೆ. ಕಾಕಾ ಎದ್ದರೆ ಕೂರಿಸಿಕೊಂಡು ಆಮೆಯಂತೆ ಹೋಗಬೇಕು, ತಗ್ಗು ಬಂದಲ್ಲಿ ಇಳಿದು ತಳ್ಳಬೇಕು ಎಂದುಕೊಂಡಿದ್ದೆ. ಅವನು ಏಳಲಿಲ್ಲ. ಮೂರು ವರ್ಷ ಹೊರಸಿನ ಮೇಲೇ ಇದ್ದು, ಅಲ್ಲಿಂದಲೇ ಹೋದ. ಕುಣಿಯೋ, ಸೈಕಲ್ಲೋ, ಯಾವುದು ಅವನನ್ನು ಮುರಿಯಿತೆಂದು ಯಾವ ಡಾಕ್ಟರೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಧೈರ್ಯವಿರಲಿಲ್ಲ.

ಅಂದಿನಿಂದ ತಗ್ಗು ಬಂದರೆ ನಾನು ಸೀಟಿನಿಂದ ಮೇಲೇಳುವುದಿಲ್ಲ. ಗಟ್ಟಿಯಾಗಿ ಕೂತು ಏಟು ತಿನ್ನುತ್ತೇನೆ. ಹಾಗೆ ತಿಂದರೆ ಎಲ್ಲೋ ಏನೋ ತೀರುತ್ತದೆ ಎಂಬ ಹುಚ್ಚು.

ಮೊನ್ನೆ ಪಂಕ್ಚರ್ ಹಚ್ಚಿ ಮುಗಿಸಿದ ಮೇಲೆ ನವನಗರದ ಮಿಸ್ತ್ರಿ ಕ್ಯಾರಿಯರ್ ಅಲುಗಿಸಿ ನೋಡಿದ. "ತುಕ್ಕ ಹಿಡದೈತ್ರಿ. ಇದರ ಮ್ಯಾಲ ಯಾರರ ಕುಂದರ್ತಾರೇನ್ರಿ?"

"ಯಾರೂ ಇಲ್ಲ."

"ಮತ್ತ ತಗದ ಬಿಡ್ಲ್ಯಾ?"

ಹಿಂದೆ ಕೌದಿ ಕಟ್ಟಿದ್ದ ಜಾಗದ ಮೇಲೆ ಒಮ್ಮೆ ಕೈ ಆಡಿಸಿದೆ. ಆಮೇಲೆ "ತಗೀರಿ," ಎಂದೆ. ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಎರಡು ಏಟು ಹಾಕಿದ, ಬಂತು.

ಮನೆಯ ದಾರಿಯಲ್ಲಿ ಚರಂಡಿಗೆಂದು ಅಗೆದು ಮುಚ್ಚದೆ ಬಿಟ್ಟ ತಗ್ಗೊಂದಿದೆ. ಎಂದಿನಂತೆ ಕೂತೇ ಹಾಯಿಸಿದೆ. ಸೊಂಟಕ್ಕೆ ಬಲವಾಗಿ ಬಿತ್ತು. ಅದು ನನ್ನ ಏಟು, ನನ್ನದಷ್ಟೇ. ಕಾಕಾ ತಿಂದವುಗಳಲ್ಲಿ ಒಂದೂ ಕಡಿಮೆಯಾಗಲಿಲ್ಲ.