ಫುಟ್‌ಬಾಲ್ ಅಂಕಲ್‌ಗೆ ತಾಂಬೂಲ

ಮೆಲ್ಬರ್ನಿನ ಪಾಯಿಂಟ್ ಕುಕ್ ಬಡಾವಣೆಯ ನಮ್ಮ ಮನೆಯಿಂದ ತಾಂಬೂಲ ತೆಗೆದುಕೊಳ್ಳದೆ ಎದ್ದು ಹೋದ ಅತಿಥಿ ಒಬ್ಬರೇ. ತಪ್ಪು ನನ್ನದೇ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅವರು ಪಕ್ಕದ ಮನೆಯವರು. ಘಾನಾ ದೇಶದವರು. ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ, ಹನ್ನೊಂದು ವರ್ಷ ಫುಟ್‌ಬಾಲ್ ಆಡಿ, ಬಲಮಂಡಿ ಕೆಡಿಸಿಕೊಂಡು, ಆಮೇಲೆ ಅಲ್ಲೇ ಬಸ್ಸು ಓಡಿಸಿಕೊಂಡಿದ್ದು, ಕೊನೆಗೆ ನರ್ಸ್ ಆಗಿದ್ದ ಮಗಳ ಜೊತೆ ಮೆಲ್ಬರ್ನಿಗೆ ಬಂದವರು. ಇದೆಲ್ಲ ನನಗೆ ತಿಳಿದದ್ದು ಜಗಳದಿಂದ. ಸಂಜೆಯಾದರೆ ಸಾಕು, ನಮ್ಮ ಹೊಸ ಗ್ಯಾರೇಜ್ ಬಾಗಿಲಿಗೆ ಧಡ್ ಧಡ್! ಎಂಟು ವರ್ಷದ ನನ್ನ ಮಗಳು ಚೆಂಡು ಒದೆಯುತ್ತಿದ್ದಳು, ಅವರು ಬೇಲಿಗೆ ಒರಗಿ ಹೇಳಿಕೊಡುತ್ತಿದ್ದರು. ಮಾರ್ಟ್‌ಗೇಜ್ ಕಟ್ಟುವವಳು ನಾನು, ಸುಮ್ಮನಿರುತ್ತೇನೆಯೇ? ಸೌಟು ಹಿಡಿದುಕೊಂಡೇ ಹೊರಗೆ ಬಂದೆ.

"ಮೇಡಂ, ಮೊದಲು ಇವಳ ಎಡಗಾಲು ನೋಡಿ. ಆಮೇಲೆ ಬೈಯಿರಿ," ಎಂದರು.

ನೋಡಿದೆ. ನನಗೇನು ಮಣ್ಣು ಅರ್ಥವಾಗುತ್ತದೆ! ಮಗಳ ಮುಖ ಮಾತ್ರ ಅರ್ಥವಾಯಿತು. ನಾನು ಹತ್ತು ಸಲ ಕರೆದರೂ ಬಾರದ ಆ ಘಾಟಿ, ಅವರು ಕಣ್ಸನ್ನೆ ಮಾಡಿದರೆ ಓಡುತ್ತಿದ್ದಳು. ಅಂದಿನಿಂದ ಅವರು ನಮಗೆಲ್ಲ ಫುಟ್‌ಬಾಲ್ ಅಂಕಲ್.

ಅದು ೨೦೦೬. ಕ್ವೀನ್ಸ್‌ಲ್ಯಾಂಡಿನಲ್ಲಿ ಚಂಡಮಾರುತ ಬಾಳೆತೋಟಗಳನ್ನು ಮಲಗಿಸಿ, ದೇಶಕ್ಕೆ ದೇಶವೇ ಬಾಳೆಹಣ್ಣಿಲ್ಲದೆ ಒದ್ದಾಡುತ್ತಿತ್ತು. ನಾವು ಸತ್ಯನಾರಾಯಣ ಪೂಜೆ ಇಟ್ಟುಕೊಂಡದ್ದೂ ಆಗಲೇ. "ಆಪಲ್ ಕೊಟ್ರಾಯ್ತು ಬಿಡೇ," ಎಂದ ಗಂಡನ ಮಾತು ಕೇಳುವವಳೇ ನಾನು? ಮೂರು ಸಬರ್ಬ್ ಅಲೆದು ಬಾಳೆಹಣ್ಣನ್ನೇ ತಂದೆ. ಬಂದವರೆಲ್ಲ ಹಣ್ಣಿನ ತಟ್ಟೆ ನೋಡಿ ಕಣ್ಣರಳಿಸಿದರು. ನಾನೂ ಚೆನ್ನಾಗಿಯೇ ಬೀಗಿದೆ.

ಅಂಕಲ್ ಕೋಟು ಹಾಕಿಕೊಂಡು ಬಂದಿದ್ದರು. ಸಪಾದ ಎರಡು ಸಲ ಹಾಕಿಸಿಕೊಂಡರು. ಹೊರಡಲು ಎದ್ದಾಗ, ತೆಂಗಿನಕಾಯಿ ಹುಡುಕುವಷ್ಟೂ ತಾಳ್ಮೆಯಿಲ್ಲದ ನಾನು ಒಂದು ಬಾಳೆಹಣ್ಣನ್ನು ಅವರ ಮುಂದೆ ಹಿಡಿದೆ. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ನೋ, ಥ್ಯಾಂಕ್ ಯೂ."

ನಮ್ಮಲ್ಲಿ ಯಾರಾದರೂ ಬೇಡ ಅಂದರೆ ಬಿಡುತ್ತೇವೆಯೇ? "ಸಂಕೋಚ ಮಾಡ್ಕೋಬೇಡಿ ಅಂಕಲ್, ಪ್ಲೀಸ್, ತಗೊಳ್ಳಿ," ಎಂದು ಎದೆಗೇ ಒತ್ತಿದೆ. "ಬಿಡ್ಬೇಡಿ ಅವರನ್ನ!" ಎಂದು ಸೋಫಾದಿಂದ ಯಾರೋ ಕೂಗಿದರು. ಮನೆ ತುಂಬ ಇದ್ದವರೆಲ್ಲ ಹೋ ಎಂದು ನಕ್ಕರು. ಅಂಕಲ್ ಮುಖ ಕಲ್ಲಾಯಿತು. ಕುಂಟುತ್ತ ಹೊರಟುಹೋದರು.

ನನಗೂ ಸಿಟ್ಟು ಬಂತು. ಪ್ರಸಾದಕ್ಕೆ ಇಷ್ಟು ತಾತ್ಸಾರವೇ! ಆದರೆ ಒಂದು ವಾರವಾದರೂ ಗ್ಯಾರೇಜ್ ಬಾಗಿಲು ಸದ್ದು ಮಾಡಲಿಲ್ಲ. "ಯೂ ಮೇಡ್ ಹಿಮ್ ಗೋ, ಅಮ್ಮ," ಎಂದು ಮಗಳು ನನ್ನ ಜೊತೆ ಮಾತು ಬಿಟ್ಟಳು. ತಡೆಯಲಾರದೆ ಬರಿಗೈಯಲ್ಲಿ ಅವರ ಮನೆಗೆ ಹೋಗಿ, ಏನಾಯಿತೆಂದು ಕೇಳಿಯೇಬಿಟ್ಟೆ.

"ಇಂಗ್ಲೆಂಡಲ್ಲಿ ನಾನು ಆಡೋಕೆ ಇಳಿದರೆ ಜನ ಆ ಹಣ್ಣನ್ನ ನನ್ನ ಮೇಲೆ ಎಸೀತಿದ್ರು," ಎಂದರು. "ಕೋತಿ ಥರ ಕೂಗ್ತಾ, ನಗ್ತಾ. ನಮ್ಮಮ್ಮನ ಹಿತ್ತಲ ತುಂಬ ಬಾಳೆಗಿಡ ಇತ್ತು. ಆದರೂ ಅಲ್ಲಿಂದಾಚೆ ಒಂದು ಹಣ್ಣನ್ನೂ ಮುಟ್ಟಿಲ್ಲ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಕ್ಕವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈಯಬೇಕೆನ್ನಿಸಿತು, ಮೊದಲು ನನ್ನನ್ನೇ. "ಅಯ್ಯೋ ಅಂಕಲ್, ಅದನ್ನ ಕೊಡದೆ ನಾವು ಯಾರನ್ನೂ ಮನೆಯಿಂದ ಕಳಿಸಲ್ಲ. ಮರ್ಯಾದೆಗೆ ಕೊಡೋದು, ಎರಡೂ ಕೈಯಲ್ಲಿ," ಎಂದು ಹೇಳುತ್ತ ಹೇಳುತ್ತ ಅತ್ತೇಬಿಟ್ಟೆ.

"ಎರಡೂ ಕೈಯಲ್ಲಾ?" ಎಂದಷ್ಟೇ ಕೇಳಿದರು.

ಮರುದಿನ ಸಂಜೆ ಬೆಲ್ ಆಯಿತು. ಬಾಗಿಲಲ್ಲಿ ಅಂಕಲ್, ಅದೇ ಕೋಟು.

"ಅವತ್ತು ನಾನು ಹೊರಟಿದ್ದು ಸರಿಯಾಗಲಿಲ್ಲ. ಈಗ ಕಳಿಸಿಕೊಡಿ," ಎಂದು ಎರಡೂ ಅಂಗೈ ಮುಂದೆ ಹಿಡಿದರು.

ಮನೆಯಲ್ಲಿ ಉಳಿದಿದ್ದದ್ದು ಒಂದೇ ಹಣ್ಣು, ಅದೂ ಸಿಪ್ಪೆ ಕಪ್ಪಾದದ್ದು. ತೆಂಗಿನಕಾಯಿಯ ಜೊತೆ ಅದನ್ನೇ ಇಟ್ಟು, ಬಾಗಿ, ಎರಡೂ ಕೈಯಿಂದ ಕೊಟ್ಟೆ. ಅವರು ಕಾಯಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅಲ್ಲೇ ನಿಂತು ಹಣ್ಣು ಸುಲಿದರು. ಕಣ್ಣು ಮುಚ್ಚಿ ಅಷ್ಟನ್ನೂ ತಿಂದರು. ಮಗಳು ನನ್ನ ಚೂಡಿದಾರದ ತುದಿ ಹಿಡಿದು ನೋಡುತ್ತಿದ್ದಳು.

ತಿಂದಾದ ಮೇಲೆ ಸಿಪ್ಪೆ ಹಿಡಿದುಕೊಂಡು ಅತ್ತಿತ್ತ ನೋಡಿದರು. "ಇದನ್ನ ಎಲ್ಲಿ ಹಾಕಲಿ?"

"ಇಲ್ಲಿ ಕೊಡಿ ಅಂಕಲ್," ಎಂದು ನಾನು ಕೈಯೊಡ್ಡಿದೆ.