ಮಂಡಕ್ಕಿ ಭಟ್ಟಿಯ ಮೇಲಿಟ್ಟ ಅವರೆ ಬೀಜ

ನನ್ನ ತಂಗಿಯ ಕೈಗುಣ ಒಳ್ಳೆಯದು ಎಂದು ಆವರಗೆರೆಯ ನಮ್ಮ ಓಣಿಯವರೆಲ್ಲ ಹೇಳುತ್ತಿದ್ದರು. ಯಾರ ಹಿತ್ತಿಲಲ್ಲಿ ಕುಂಬಳ ಹಾಕಿದರೂ ಮೊದಲ ಬೀಜ ಅವಳ ಕೈಯಿಂದಲೇ ಬೀಳಬೇಕು. ನಾನು ಪಕ್ಕದಲ್ಲಿ ನಿಂತರೆ, "ನೀ ಮುಟ್ಟಬ್ಯಾಡವ್ವ, ನಿನ್ನ ಕೈ ಬಿಸಿ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅಂಥ ಮಾತಿಗೆ ಬೇರೆ ಉತ್ತರ ಗೊತ್ತಿರಲಿಲ್ಲ.

ಮದುವೆಯಾಗಿ ನಾನು ದಾವಣಗೆರೆಯ ಮಂಡಕ್ಕಿ ಭಟ್ಟಿಗೆ, ಮನೆಮನೆಯಲ್ಲೂ ಮಂಡಕ್ಕಿ ಹುರಿಯುವ ಓಣಿಗೆ, ಬಂದೆ. ತಂಗಿಯನ್ನು ಹರಿಹರಕ್ಕೆ ಕೊಟ್ಟರು. ಅವಳ ಗಂಡ ಮಿಲಿಟರಿಯವನು. ಹಿಮಾಚಲದ ಯಾವುದೋ ಗುಡ್ಡದ ಮೇಲೆ ಅವರಿಗೆ ಕ್ವಾರ್ಟರ್ಸ್ ಸಿಕ್ಕಿತು.

ಅವ್ವ ತೀರಿಕೊಂಡ ವರ್ಷ ಅಣ್ಣ ಆವರಗೆರೆಯ ಮನೆ ಕೆಡವಿ ಹೊಸದು ಕಟ್ಟಿಸಿದ. ಹಿತ್ತಿಲಲ್ಲಿದ್ದ ಅವ್ವನ ಚಪ್ಪರದವರೆ ಬಳ್ಳಿ ಬುಡಸಮೇತ ಹೋಯಿತು. ಉಳಿದದ್ದು ಅವ್ವ ಬೂದಿಯಲ್ಲಿ ಕಲಸಿಟ್ಟಿದ್ದ ಒಂದು ಹಿಡಿ ಬೀಜ. ಅದು ನನ್ನ ಹತ್ತಿರ ಇತ್ತು. "ಅಕ್ಕ, ಅದನ್ನ ನಂಗ ಕೊಡು. ಇಲ್ಲಿ ಚಳಿ ಐತೆ, ಆದ್ರೂ ಹಾಕಿ ನೋಡ್ತೀನಿ" ಎಂದು ತಂಗಿ ಫೋನಿನಲ್ಲಿ ಕೇಳಿದಳು. ರಜೆಗೆ ಬಂದಾಗ ಕೊಡುತ್ತೇನೆ ಎಂದೆ.

ಆ ಮಳೆಗಾಲ ಬೀಜಕ್ಕೆ ತೇವ ಹಿಡಿಯಿತು. ನಮ್ಮ ಮನೆಯಲ್ಲಿ ಏನು ಒಣಗಿಸಬೇಕಾದರೂ ಭಟ್ಟಿ ಒಲೆಯ ಮೇಲಿನ ಕಟ್ಟೆಗೇ ಇಡುತ್ತೇವೆ, ಒದ್ದೆ ಬಟ್ಟೆ, ಹಪ್ಪಳ, ಮಕ್ಕಳ ಬೂಟು, ಎಲ್ಲ. ಬೀಜವನ್ನೂ ಒಂದು ಡಬ್ಬಿಗೆ ಹಾಕಿ ಅಲ್ಲೇ ಇಟ್ಟೆ. ಒಂದು ಮಧ್ಯಾಹ್ನದ ಮಟ್ಟಿಗೆ ಎಂದುಕೊಂಡಿದ್ದೆ. ಹಬ್ಬದ ಆರ್ಡರ್ ಬಂದು ಭಟ್ಟಿ ಬಿಡುವಿಲ್ಲದೆ ಉರಿಯಿತು. ಡಬ್ಬಿ ನೆನಪಾದದ್ದು ಒಂದು ವಾರಕ್ಕೆ. ಮುಟ್ಟಿದರೆ ಬೆರಳು ಸುಟ್ಟಿತು. ಕಾಳು ನೋಡಲು ಮಾತ್ರ ಹಾಗೇ ಇದ್ದವು, ಕಪ್ಪಗೆ, ಬಿಳಿ ಹುಬ್ಬಿನೊಂದಿಗೆ. ಹತ್ತು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆಗೆ ಇಟ್ಟೆ. ದಿನಕ್ಕೆ ನಾಲ್ಕು ಸಲ ಬಿಚ್ಚಿ ನೋಡಿದೆ. ಆರನೇ ದಿನ ಕೊಳೆತ ವಾಸನೆ ಬಂತು.

ಉಳಿದ ಕಾಳನ್ನು ಹೊಸ ಬೂದಿಯಲ್ಲಿ ಕಲಸಿ, ಬಟ್ಟೆಗೆ ಕಟ್ಟಿ, ತಂಗಿ ರಜೆಗೆ ಬಂದಾಗ ಹರಿಹರಕ್ಕೆ ಹೋಗಿ ಅವಳ ಕೈಗೆ ಕೊಟ್ಟು ಬಂದೆ. ಅವಳು ಗಂಟನ್ನು ಮೂಗಿನ ಹತ್ತಿರ ಹಿಡಿದು, "ಅವ್ವನ ವಾಸನೆ ಬರ್ತೈತೆ" ಎಂದಳು. ಆಗ ಹೇಳಬಹುದಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಮೊದಲ ವರ್ಷ ಬೀಜ ಮೊಳೆಯದಿದ್ದಾಗ ಅವಳು ಚಳಿಯನ್ನು ಬೈದಳು. ಅಲ್ಲಿ ಹಿಮ ಕರಗುವವರೆಗೆ ಮಣ್ಣು ಕಲ್ಲಿನ ಹಾಗೆ ಇರುತ್ತದಂತೆ. ಬೀಜವನ್ನು ಮನೆಯೊಳಗೇ ಮಣ್ಣು ತುಂಬಿದ ಡಬ್ಬಿಯಲ್ಲಿ ಹಾಕಿ, ಹಗಲು ಕಿಟಕಿಯ ಬಿಸಿಲಿಗೆ ಇಟ್ಟು, ಸಂಜೆ ಒಲೆಯ ಪಕ್ಕಕ್ಕೆ ತಂದು, ಸಸಿ ಗಟ್ಟಿಯಾದ ಮೇಲೆ ಹೊರಗೆ ನೆಡಬೇಕು. ಅವಳು ಡಬ್ಬಿಗೆ ಗಂಡನ ಹಳೇ ಉಣ್ಣೆ ಟೋಪಿ ತೊಡಿಸಿದ್ದಳು. ವಿಡಿಯೋ ಕಾಲಿನಲ್ಲಿ ತೋರಿಸಿ, "ನೋಡು, ಮಗೂಗೆ ಹಾಕಿದಂಗೆ ಹಾಕೀನಿ" ಎಂದು ನಕ್ಕಳು. ನಾನು ನೆಟ್‌ವರ್ಕ್ ಇಲ್ಲ ಎಂದು ಫೋನ್ ಇಟ್ಟೆ.

ಎರಡನೇ ವರ್ಷ ಉಳಿದ ಕಾಳೆಲ್ಲ ಹಾಕಿದಳು. ಅದೇ ಕಿಟಕಿಯಲ್ಲಿ ಪಕ್ಕದ ಮನೆಯಾಕೆ ಇಟ್ಟ ಬೀನ್ಸ್ ಮೊಳೆಯಿತು, ಇವಳ ಅವರೆ ಮೊಳೆಯಲಿಲ್ಲ. "ಚಳಿದಲ್ಲ ಅಕ್ಕ ತಪ್ಪು" ಎಂದು ಫೋನಿನಲ್ಲಿ ಅತ್ತಳು. "ನನ್ನ ಕೈಗುಣ ಹೋಗೈತೆ. ಅವ್ವನ ಬೀಜ ಪೂರಾ ನನ್ನ ಕೈಯಾಗೇ ಹಾಳಾತು." ನಾನು ಸಮಾಧಾನ ಹೇಳಿದೆ. ಹೇಳುತ್ತಿರುವಾಗಲೇ ನನ್ನೊಳಗೆ ಎಲ್ಲೋ ಒಂದು ಕ್ಷಣ ಹಗುರಾಯಿತು. ಈಗ ಅವಳ ಕೈಯೂ ನನ್ನ ಕೈಯ ಹಾಗೆಯೇ ಎನ್ನಿಸಿತು. ಆ ಕ್ಷಣವನ್ನು ನಾನು ಇವತ್ತಿಗೂ ಅವಳಿಗೆ ಹೇಳಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಆಮೇಲೆ ಅವಳು ಒಂದು ಬೀಜವನ್ನೂ ಮುಟ್ಟಲಿಲ್ಲ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಂಡಕ್ಕಿ ಜರಡಿ ಹಿಡಿಯುವುದು ಬಿಟ್ಟು ಬಾಗಿಲಿಗೆ ಹೋಗುವುದು, ಮತ್ತೆ ಬರುವುದು.

ಕಳೆದ ಬೇಸಿಗೆಯ ಕೊನೆಗೆ ಅವಳು ರಜೆಗೆ ಬಂದಾಗ ಹರಿಹರಕ್ಕೆ ಹೋದೆ. ಇಬ್ಬರೂ ಹಿತ್ತಿಲಲ್ಲಿ ಕೂತಿದ್ದಾಗ ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಕರೆದರು.

"ಯವ್ವ, ಬಂದು ಎರಡು ಹೀರೇಬೀಜ ಹಾಕು. ಗುಣಿ ತೋಡಿ ಇಟ್ಟೀನಿ."

ತಂಗಿ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಬ್ಯಾಡ್ರಿ ಅಜ್ಜಿ. ನೀವೇ ಹಾಕ್ರಿ."

"ಯಾಕ? ಕೈ ಅಲ್ಲೇ ಹಿಮದಾಗೆ ಬಿಟ್ಟು ಬಂದೀಯೇನು?"

ಅಜ್ಜಿ ನಕ್ಕರು. ತಂಗಿ ನಗಲಿಲ್ಲ. ಸೆರಗಿನೊಳಗಿನ ಆ ಕೈಗಳನ್ನು ನೋಡಲಾಗದೆ ನಾನು ಹೇಳಿಬಿಟ್ಟೆ. ಭಟ್ಟಿ, ಡಬ್ಬಿ, ಒದ್ದೆ ಬಟ್ಟೆ, ಎಲ್ಲವನ್ನೂ.

ಅವಳು ನನ್ನತ್ತ ತಿರುಗಿದಳು. "ಎಷ್ಟು ಕಾಳು ಕಟ್ಟಿದ್ದಿ?"

"ಹತ್ತು."

"ಒಂದೂ ಬರ್ಲಿಲ್ಲ?"

"ಇಲ್ಲ."

"ನಂಗ ಕೊಡೋಕಿಂತ ಮುಂಚೇನೇ?"

"ಹೂಂ."

"ಬೀಜ ಸತ್ತಿದ್ದು ಹೋಗ್ಲಿ ಅಕ್ಕ. ನಾ ಫೋನಾಗೆ ಅತ್ತೆನಲ್ಲ. ಅವತ್ತರ ಹೇಳ್ಬೌದಿತ್ತು."

ಎದ್ದು ಕೊಡದ ನೀರಿನಲ್ಲಿ ಕೈ ತೊಳೆದುಕೊಂಡು ಅಜ್ಜಿಯ ಹಿತ್ತಿಲಿಗೆ ಹೋದಳು. ಗೋಡೆಯಾಚೆ ಅಜ್ಜಿಯ ಮಾತು ಕೇಳುತ್ತಿತ್ತು, ಅವಳದು ಕೇಳಲಿಲ್ಲ. ನಾನು ಹೊರಡುವವರೆಗೂ ಅವಳು ಈಚೆಗೆ ಬರಲಿಲ್ಲ.

ಹೀರೆ ಮೂರೇ ದಿನಕ್ಕೆ ಮೊಳೆತಿದೆ ಎಂದು ಅವಳ ಅತ್ತೆ ಹೇಳಿ ನನಗೆ ಗೊತ್ತಾಯಿತು.

ಈಗಲೂ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಮಕ್ಕಳನ್ನು ಕೇಳುತ್ತಾಳೆ, ನನ್ನ ಮಂಡಿನೋವು ಕೇಳುತ್ತಾಳೆ. ಮೊನ್ನೆ ನಾನೇ ಧೈರ್ಯ ಮಾಡಿದೆ.

"ಹಿಮ ಕರಗಿತೇನು?"

"ಕರಗೈತೆ."

"ಏನರ ಹಾಕೀಯೇನು?"

"ಹಾಕೀನಿ."

ಏನು ಹಾಕಿದ್ದಾಳೆ ಎಂದು ಹೇಳುತ್ತಾಳೇನೋ ಎಂದು ಕಾದೆ. ಅವಳು ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀಯಾ ಎಂದು ಕೇಳಿದಳು.